ಅರಿಶಿನ ಹಚ್ಚಿದ ಕಾಗದ

ಇಟ್ಟಮಡುವಿನ ನಾರಾಯಣಮ್ಮ ಕಾಗದ ಬರೆಯಲು ಕೂತರೆ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಇದ್ದದ್ದಾದರೂ ಯಾರು, ಗಂಡ ಹನುಮಯ್ಯ ಒಬ್ಬನೇ. ನಾಲ್ಕನೇ ಕ್ಲಾಸಿನ ಅಕ್ಷರ, ಒಂದು ಇನ್‌ಲ್ಯಾಂಡ್ ಲೆಟರ್ ತುಂಬಿಸಲು ಇಡೀ ಮಧ್ಯಾಹ್ನ ಬೇಕು. ಒಬ್ಬನೇ ಮಗ ರವಿಕಿರಣ್ ತೊಂಬತ್ತಾರರಲ್ಲಿ ಸೈಟಿನ ಜಗಳದಲ್ಲಿ ಒಬ್ಬನ ಜೀವ ತೆಗೆದು ದೂರದ ಜಿಲ್ಲೆಯ ಜೈಲು ಸೇರಿದ್ದ.

ಹನುಮಯ್ಯನದು ಒಂದೇ ಹಟ. "ಅವನ ಮುಖ ನೋಡಕ್ಕೆ ಹೋಗಲ್ಲ ಅಂತ ಆಣೆ ಮಾಡು," ಎಂದು ದೇವರ ಮುಂದೆ ದೀಪ ಮುಟ್ಟಿಸಿದ. ಅಳುತ್ತಲೇ ಮುಟ್ಟಿದಳು. "ಕಾಗದ ಬರೀಬಹುದಾ?" ಎಂದು ಕೇಳಿದಳು. ಅವನು ಟವೆಲ್ಲು ಕೊಡವಿಕೊಂಡು ಹೊರಗೆ ಹೋದ. ಬೇಡ ಅನ್ನಲಿಲ್ಲವಲ್ಲ, ಪುಣ್ಯಾತ್ಗಿತ್ತಿಗೆ ಅಷ್ಟೇ ಸಾಕಾಯಿತು.

ತಿಂಗಳಿಗೆ ಎರಡು ಕಾಗದ. ನೀನು ನಮಗೆ ಬೇಡವಾಗಿಲ್ಲ ಕಣಪ್ಪ, ನಿಮ್ಮಪ್ಪನ ಬಾಯಿ ಮಾತ್ರ ಜೋರು ಎಂದು ಪ್ರತಿ ಸಲವೂ ಬರೆಯುವಳು. ಈ ಒಂದು ಮಾತು ಮಗನಿಗೆ ಮುಟ್ಟಲಿ ಎಂದೇ ಜೀವ ಹಿಡಿದಿದ್ದಳು. ಬರೆದಾದ ಮೇಲೆ ನಾಲ್ಕು ಮೂಲೆಗೂ ಅರಿಶಿನ. ಅದೆಲ್ಲ ಲಗ್ನಪತ್ರಿಕೆಗೆ ಸಾಕಮ್ಮ ಎಂದು ಯಾರು ಹೇಳಿದರೂ ಕೇಳುವವಳಲ್ಲ. ಅರಿಶಿನವಿಲ್ಲದೆ ಹೋಗುವುದು ಸಾವಿನ ಕಾಗದವೊಂದೇ. ಮಗನಿಂದ ಉತ್ತರ ಬರಲಿಲ್ಲ. ನಾಚಿಕೆಪಡುತ್ತಿದ್ದಾನೆ ಎಂದುಕೊಂಡು ಇನ್ನೊಂದು ಚಿಟಿಕೆ ಹೆಚ್ಚೇ ಹಚ್ಚಿದಳು. ಹೀಗೆ ಎರಡು ವರ್ಷ ಕಳೆಯಿತು.

ತೊಂಬತ್ತೆಂಟರ ಬೇಸಿಗೆಯಲ್ಲಿ ಹನುಮಯ್ಯ ಊಟಕ್ಕೆ ಕೂತವನು ಎದೆ ಹಿಡಿದುಕೊಂಡು ಹೋಗಿಯೇಬಿಟ್ಟ. ನಾರಾಯಣಮ್ಮ ಮಗನಿಗೆ ಎರಡೇ ಸಾಲು ಬರೆದಳು. ಅರಿಶಿನ ಹಚ್ಚಲಿಲ್ಲ.

ಹತ್ತು ದಿನಕ್ಕೆ ಉತ್ತರ ಬಂತು. "ಎರಡು ವರ್ಷ ಒಂದು ಅಕ್ಷರ ಬರೀಲಿಲ್ಲ ನೀನು. ಅಪ್ಪ ಸತ್ತ ಮೇಲೆ ನಾನು ಜ್ಞಾಪಕಕ್ಕೆ ಬಂದ್ನಾ? ಇನ್ನು ಬರೀಬೇಡಮ್ಮ."

ಅದನ್ನು ಹಿಡಿದುಕೊಂಡು ಕತ್ರಿಗುಪ್ಪೆಗೆ ಓಡಿದಳು. ಜೈಲಿನ ಆಫೀಸಿನಲ್ಲಿ ಗುಮಾಸ್ತರಾಗಿ ರಿಟೈರಾಗಿದ್ದ ಅನಂತಪದ್ಮನಾಭ ಅಲ್ಲಿದ್ದರು. ಅವರು ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು.

"ಅದು ಯಾವ ಪುಡಿ ಅಂತ ಜೈಲಿನವರಿಗೇನು ಗೊತ್ತಮ್ಮ? ಏನೇ ಮೆತ್ತಿದ್ರೂ ಕಾಗದ ಒಳಗೆ ಬಿಡಲ್ಲ, ರೂಲ್ಸು. ಪಕ್ಕಕ್ಕೆ ಹಾಕ್ತಾರೆ, ವಾಪಸ್ಸೂ ಕಳಿಸಲ್ಲ. ಅವನ ಹೆಸರು, ಕೈದಿ ನಂಬರು, ನಿಮ್ಮ ಅಡ್ರೆಸ್ಸು, ಬರೀ ಇಂಕು. ಇಷ್ಟಿದ್ರೆ ಹೋಗುತ್ತೆ."

"ಹಾಗಾದ್ರೆ ಸತ್ತಿದ್ದೊಂದೇ ಮುಟ್ಟಿದ್ದಾ ಸಾರ್?" ಎಂದಳು.

ಹೋಗಿ ಮಗನ ಕಾಲು ಹಿಡಿಯೋಣವೆಂದರೆ ದೀಪ ಮುಟ್ಟಿದ ಆಣೆ; ಬಿಡಿಸಬೇಕಾದವನೇ ಇಲ್ಲ. ಸರಿ, ಮತ್ತೆ ಬರೆದಳು. ಅರಿಶಿನದ ಕಥೆಯನ್ನೆಲ್ಲ ಬಿಡಿಸಿ ಬರೆದಳು. ಬದುಕಿರುವ ಮಗನಿಗೆ ಬೋಳು ಕಾಗದ ಕಳಿಸುವಾಗ ಅವಳ ಕೈ ಅರಿಶಿನದ ಬಟ್ಟಲಿಗೆ ಹೋಗಿ ಹೋಗಿ ಬಂತು. ಆದರೂ ಹಾಗೇ ಅಂಚೆ ಡಬ್ಬಿಗೆ ಹಾಕಿ ಬಂದಳು.

ಹದಿನೈದು ದಿನಕ್ಕೆ ಅದು ವಾಪಸ್ ಬಂತು. ಒಡೆದು ಓದಿ, ಸರಿಯಿದೆ ಎಂದು ಜೈಲಿನವರು ಸೀಲು ಒತ್ತಿದ್ದರು. ಸೀಲಿನ ಕೆಳಗೆ ಕೆಂಪು ಇಂಕಿನಲ್ಲಿ ಒಂದು ಸಾಲು ಬರೆದಿತ್ತು: ಕೈದಿ ತೆಗೆದುಕೊಳ್ಳಲು ಒಪ್ಪಲಿಲ್ಲ.