ಓದದೆ ಓಡಿಸಿದ ಕ್ವೆರಿ

ಮೇಡಂ ಅವರ ಬಲಗೈ ತೋರುಬೆರಳಿಗೆ ತುದಿ ಇರಲಿಲ್ಲ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿತ್ತಂತೆ. ಎಡಗೈಯೋ ಏನೋ, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಆ ಮೋಟು ಬೆರಳು ಕಂಪ್ಯೂಟರ್ ಪರದೆಯ ಮೇಲೆ ಸಾಲು ಸಾಲಾಗಿ ಸರಿಯುತ್ತಿದ್ದದ್ದು ಕಣ್ಣಿಗೆ ಕಟ್ಟಿದೆ.

ದೊಡ್ಡಬಳ್ಳಾಪುರದ ಸಣ್ಣ ಖಾಸಗಿ ಡೇರಿಯೊಂದರಲ್ಲಿ ಹಸುಗಳ ಡೇಟಾಬೇಸ್ ನೋಡಿಕೊಳ್ಳುತ್ತಿದ್ದವರು ಅವರು. ನಾನು ಎಂಎಸ್ಸಿ ಮುಗಿಸಿ ಅವರ ಕೈಕೆಳಗೆ ಸೇರಿದ್ದೆ. ಅವರು ಬರೆದು ಡೇಟಾಬೇಸಿನೊಳಗೇ ಇಟ್ಟಿದ್ದ ಪ್ರೋಗ್ರಾಂ, ಸ್ಟೋರ್ಡ್ ಪ್ರೊಸೀಜರ್, ನಾವು ಕೊಟ್ಟ ವಿವರಗಳನ್ನು ಜೋಡಿಸಿ ಡೇಟಾಬೇಸಿಗೆ ಕೊಡುವ ಆದೇಶವನ್ನು, ಅಂದರೆ ಕ್ವೆರಿಯನ್ನು, ತಾನೇ ಕಟ್ಟಿಕೊಳ್ಳುತ್ತಿತ್ತು. ಊರಿನ ಹೆಸರು ಕೊಟ್ಟರೆ ಆ ಊರಿನ ಷರತ್ತು ಸೇರುತ್ತಿತ್ತು, ಕೊಡದಿದ್ದರೆ ಎಲ್ಲ ಊರಿಗೂ ಅನ್ವಯಿಸುತ್ತಿತ್ತು. ಹಾಗೆ ಕಟ್ಟಿದ್ದನ್ನು ಮೊದಲು ಪರದೆಗೆ ತರಿಸಿ ಗಟ್ಟಿಯಾಗಿ ಓದಿಸುತ್ತಿದ್ದರು.

"ಇದು ಏನ್ ಮಾಡುತ್ತೆ, ಕನ್ನಡದಲ್ಲಿ ಹೇಳಪ್ಪಾ. ಆಮೇಲೆ ಓಡ್ಸು."

"ನಾನೇನು ಒಂದನೇ ಕ್ಲಾಸಾ, ಮೇಡಂ?"

"ಒಂದನೇ ಕ್ಲಾಸಿನೋರು ಓದ್ತಾರೆ ಕಣೋ. ನೀನು ಓದಲ್ಲ, ಅದೇ ತೊಂದ್ರೆ."

ಕಾಲುಬಾಯಿ ಜ್ವರದ ಲಸಿಕೆ ನಡೆಯುತ್ತಿದ್ದ ದಿನಗಳು. ಮೇಡಂ ಊಟಕ್ಕೆ ಹೋಗಿದ್ದಾಗ ಒಂದೂರಿನ ಹಸುಗಳಿಗೆ 'ಲಸಿಕೆ ಆಗಿದೆ' ಎಂದು ಗುರುತು ಹಾಕಲು ಕುಳಿತೆ. ಊರಿನ ಹೆಸರು ಖಾಲಿ ಉಳಿದಿತ್ತು. ಓದದೆ ಓಡಿಸಿದೆ. ತಾಲ್ಲೂಕಿನ ಎಲ್ಲ ಹಸುಗಳಿಗೂ ಗುರುತು ಬಿತ್ತು. ಪಟ್ಟಿಯಲ್ಲಿ ಬಾಕಿಯೇ ಇಲ್ಲವೆಂದು ಲಸಿಕೆಯವರು, ಇನ್ನೂ ಸೂಜಿ ಹಾಕದೆ ಉಳಿದಿದ್ದ ಸಾಸಲು ಎಂಬ ಊರಿಗೆ ಹೋಗಲಿಲ್ಲ.

ಕೆಲವು ವಾರಗಳ ಮೇಲೆ ಸಾಸಲಿನ ಹೆಂಗಸೊಬ್ಬರು ಆಫೀಸಿಗೆ ಬಂದರು. "ನಮ್ಮ ಹಸುಗೆ ಸೂಜಿ ಹಾಕಿದೀವಿ ಅಂತ ಬರ್ಕೊಂಡಿದೀರಂತೆ. ಯಾವತ್ತು ಹಾಕಿದ್ರಿ? ಸತ್ತೋಯ್ತಲ್ಲಪ್ಪಾ!"

ಮ್ಯಾನೇಜರ್ ನಮ್ಮಿಬ್ಬರನ್ನೂ ಒಳಗೆ ಕರೆದರು. ಇಬ್ಬರದೂ ಒಂದೇ ಲಾಗಿನ್, ಓಡಿಸಿದ್ದು ಯಾರೆಂದು ಕಂಪ್ಯೂಟರಿನಿಂದ ತಿಳಿಯುವಂತಿರಲಿಲ್ಲ.

"ಯಾರ್ರೀ ಮಾಡಿದ್ದು ಇದು?"

ಮೇಡಂ ಒಂದು ಗಳಿಗೆ ಸುಮ್ಮನಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆ ಮೋಟು ಬೆರಳೆತ್ತಿ, ಬೇಡ ಎಂದು ಸನ್ನೆ ಮಾಡಿದರು.

"ಪ್ರೊಸೀಜರ್ ನಂದು ಸಾರ್. ಊರು ಖಾಲಿ ಇದ್ರೆ ನಿಲ್ಲೋ ಹಾಗೆ ಬರೀಬೇಕಿತ್ತು. ಬರೀಲಿಲ್ಲ."

ಅವರ ಕೆಲಸ ಹೋಯಿತು, ಕುರ್ಚಿ ನನಗೆ ಬಂತು. ಅವರ ಮನೆ ಎರಡೇ ರಸ್ತೆಯ ಆಚೆ ಇತ್ತು. ನಾನು ಹೋಗಲಿಲ್ಲ.

ಹೋದದ್ದು ಕಳೆದ ವರ್ಷ, ಅವರು ತೀರಿಕೊಂಡ ಮೇಲೆ. ಅವರ ಯಜಮಾನರ ಮುಂದೆ ಎಲ್ಲವನ್ನೂ ಹೇಳಿಕೊಂಡೆ, ಬೆರಳೆತ್ತಿ ನನ್ನನ್ನು ತಡೆದದ್ದನ್ನೂ.

"ಬೆರಳಿಂದು ನಂಗೊತ್ತಿಲ್ಲಪ್ಪಾ," ಎಂದರು ಅವರು. "'ಅವನೇ ಹೇಳ್ತಾನೇನೋ ಅಂತ ಒಂದ್ ಗಳಿಗೆ ಕಾದೆ ಕಣ್ರೀ' ಅಂತಿದ್ಳು."

ಈಗ ನಾನು ಪ್ರತಿ ಕ್ವೆರಿಯನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಓದಿಯೇ ಓಡಿಸುತ್ತೇನೆ. ಆದರೆ ಮ್ಯಾನೇಜರ್ ಕೋಣೆಯನ್ನು ನೆನೆದಾಗ ಆ ಬೆರಳು ಮೇಲೇಳುವುದಿಲ್ಲ. ಮೇಜಿನ ಅಂಚಿನಲ್ಲಿ ಹಾಗೇ ಕಾಯುತ್ತಿರುತ್ತದೆ.