ಹಡಗಿನ ಮೇಲೆ ಪ್ರದಕ್ಷಿಣೆ

ಕೆರಿಬಿಯನ್ ಸಮುದ್ರ ನೋಡಬೇಕೆಂಬ ಆಸೆ ನನಗೆ ಯಾವತ್ತೂ ಇರಲಿಲ್ಲ. ಅಡಿಲೇಡಿನ ನಮ್ಮ ಮನೆಯಿಂದ ಕಾರಿನಲ್ಲಿ ಹೊರಟರೆ ಅರ್ಧ ಗಂಟೆಯೊಳಗೆ ಸಮುದ್ರ ಸಿಗುತ್ತದೆ. ಅದೇ ಉಪ್ಪು ನೀರಿಗಾಗಿ ಅರ್ಧ ಪ್ರಪಂಚ ದಾಟುವುದೇಕೆ? ಈ ಹುಚ್ಚು ಹತ್ತಿಸಿದ್ದು ನಮ್ಮ ಡ್ಯಾನ್ಸ್ ಗುಂಪು. ಎಂಬತ್ತರ ದಶಕದ ಮಾತು. ಇವರು, ಎಂದರೆ ನನ್ನ ಗಂಡ, ಡಾಕ್ಟರಾಗಿದ್ದ ಆಸ್ಪತ್ರೆಯಲ್ಲೇ ಇದ್ದ ಮಂಗಳೂರಿನ ಕ್ರಿಶ್ಚಿಯನ್ ಡಾಕ್ಟರು, ಅವರ ಹೆಂಡತಿ, ಇಬ್ಬರೂ ಚಿಕ್ಕಂದಿನಿಂದ ಮದುವೆಮನೆಗಳಲ್ಲಿ ಕುಣಿದು ಬೆಳೆದವರು. ನಮ್ಮನ್ನೂ ಹುಬ್ಬಳ್ಳಿಯ ಕಣ್ಣಿನ ಡಾಕ್ಟರ್ ದಂಪತಿಯನ್ನೂ ಶುಕ್ರವಾರ ಸಂಜೆ ಒಂದು ಚರ್ಚಿನ ಹಾಲ್‌ಗೆ ಎಳೆದುಕೊಂಡು ಹೋಗಿ ವಾಲ್ಟ್ಸ್ ಎಂಬ ಜೋಡಿಕುಣಿತ ಕಲಿಸಿದರು. ಸೀರೆಯ ನೆರಿಗೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು ನಾನೂ ಕಲಿತೆ. ಅಲ್ಲಿ ಒಂದು ಕಟ್ಟುನಿಟ್ಟು: ಎಲ್ಲ ಜೋಡಿಗಳೂ ಗಡಿಯಾರದ ಮುಳ್ಳಿಗೆ ಎದುರಾಗಿ ಹಾಲ್ ಸುತ್ತಬೇಕು. ನಮ್ಮ ಲೆಕ್ಕದಲ್ಲಿ ಅದು ಅಪ್ರದಕ್ಷಿಣೆ. ದೇವಸ್ಥಾನ ಸುತ್ತಿ ರೂಢಿಯಾದ ಕಾಲುಗಳಿಗೆ ಅದು ಒಗ್ಗಲು ಬಹಳ ದಿನ ಹಿಡಿಯಿತು.

ಗುಂಪಿನವರೆಲ್ಲ ಒಟ್ಟಿಗೆ ಕೆರಿಬಿಯನ್ ಸುತ್ತುವ ಹಡಗಿನ ಟಿಕೆಟ್ ಕೊಂಡಾದ ಮೇಲೆ ಇವರಿಗೆ ಹಾರ್ಟ್ ಅಟ್ಯಾಕ್ ಆಯಿತು. ದಿನಾ ಎದೆನೋವಿನ ರೋಗಿಗಳನ್ನು ನೋಡುವ ಮನುಷ್ಯ, ತನಗೆ ಬಂದಾಗ ಗ್ಯಾಸ್ ಎಂದು ಹೇಳಿ ನನ್ನ ಕೈಲಿ ಜೀರಿಗೆ ಕಷಾಯ ಮಾಡಿಸಿಕೊಂಡು ಕುಡಿದರು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಮೈಸೂರಿನ ನಮ್ಮ ಬೀದಿಯ ಆಂಜನೇಯನಿಗೆ ಹರಕೆ ಹೊತ್ತೆ. ಇವರನ್ನು ಉಳಿಸಿಕೊಡಪ್ಪ, ಇಬ್ಬರೂ ಜೊತೆಯಾಗಿ ಬಂದು ನಿನಗೆ ಪ್ರದಕ್ಷಿಣೆ ಹಾಕುತ್ತೇವೆ ಎಂದು.

ಆಂಜನೇಯ ಇವರನ್ನು ಉಳಿಸಿಕೊಟ್ಟ. ಮಾತು ನಡೆಸಲು ನಮಗೇ ಆಗಲಿಲ್ಲ. ಇದ್ದದ್ದು ಒಂದೇ ರಜೆ. ಮೈಸೂರಿಗೆ ಹೋಗೋಣ ಎಂದು ನಾನು ಹಟ ಹಿಡಿದೆ. ಅಲ್ಲಿಗೆ ಹೋದರೆ ನೆಂಟರೆಲ್ಲ ಸಾಲಾಗಿ ಬಂದು ಅಯ್ಯೋ ಪಾಪ ಎಂದೇ ನನ್ನನ್ನು ಸಾಯಿಸುತ್ತಾರೆ, ಹಡಗೇ ವಾಸಿ ಎಂದರು ಇವರು. ಹೃದಯದ ಸ್ಪೆಷಲಿಸ್ಟ್ ಬೇರೆ, ಧಾರಾಳವಾಗಿ ಹೋಗಿಬನ್ನಿ, ನಡೆಯಿರಿ, ಕುಣಿಯಿರಿ ಎಂದುಬಿಟ್ಟ. ಕುಣಿಯಿರಿ ಎಂದವನಿಗೇನು, ಗಂಡ ನನ್ನವರಲ್ಲವೇ. ನಾಲಿಗೆ ಕೆಳಗಿಡುವ ಮಾತ್ರೆಯನ್ನೂ ಆಂಜನೇಯನ ಚಿಕ್ಕ ಪಟವನ್ನೂ ಒಂದೇ ಕೈಚೀಲದಲ್ಲಿಟ್ಟುಕೊಂಡು ಮಯಾಮಿಯಲ್ಲಿ ಹಡಗು ಹತ್ತಿದೆ.

ನಮ್ಮ ಕ್ಯಾಬಿನ್ ಹಡಗಿನ ನಟ್ಟನಡುವೆ, ಕಿಟಕಿಯೂ ಇಲ್ಲದ ಗೂಡು. ಕನ್ನಡಿಯ ಪಕ್ಕ ಪಟ ಇಟ್ಟು ಕುಂಕುಮ ಹಚ್ಚಿದಾಗ ನನಗೆ ಹೊಳೆಯಿತು. ಒಳಗೆ ಕತ್ತಲ ಗೂಡಿನಲ್ಲಿ ದೇವರು, ಮೇಲೆ ಅಂಚಿನುದ್ದಕ್ಕೂ ಹಡಗನ್ನು ಸುತ್ತುವ ಡೆಕ್. ಹರಕೆ ತೀರಿಸಲು ಇನ್ನೇನು ಬೇಕು? ಬೆಳಗಾಗುತ್ತಲೇ ಇವರನ್ನು ಎಬ್ಬಿಸಿ ಡೆಕ್ಕಿಗೆ ಕರೆದುಕೊಂಡು ಹೋದೆ.

ದೇವರ ತಲೆಯ ಮೇಲೆ ನಡೆದಂತಾಗುವುದಿಲ್ಲವೇ ಎಂದು ಇವರು ಕುಚೋದ್ಯ ಮಾಡಿದರು. ಸುತ್ತ ನಡೆಯುತ್ತಿದ್ದೇವೆ, ಮೇಲೆ ಅಲ್ಲ ಎಂದೆ. ತೊಡಕಿದ್ದದ್ದು ಬೇರೆ ಕಡೆ. ಡೆಕ್ಕಿನ ಮೇಲೆ ಬಾಣದ ಗುರುತು ಬರೆದಿದ್ದರು. ಎಲ್ಲ ಪ್ರಯಾಣಿಕರೂ ಅದರಂತೆ ಎಡಕ್ಕೆ ಸುತ್ತುತ್ತಿದ್ದರು. ನಾವಿಬ್ಬರೇ ಪ್ರದಕ್ಷಿಣೆಯಾಗಿ ಬಲಕ್ಕೆ. ಟೋಪಿ ಹಾಕಿದ ಮುದುಕರು, ಅರ್ಧ ಚಡ್ಡಿಯ ಮುದುಕಿಯರು ಪ್ರತಿ ಸುತ್ತಿಗೂ ಎದುರಾಗಿ ಗುಡ್ ಮಾರ್ನಿಂಗ್ ಹೇಳುತ್ತಿದ್ದರು. ಮನಸ್ಸಿನಲ್ಲಿ ರಾಮ ರಾಮ, ಬಾಯಲ್ಲಿ ಗುಡ್ ಮಾರ್ನಿಂಗ್. ಬಂದರುಗಳು ಬಂದವು, ಹೋದವು. ನಾವು ದಿನಾ ಬೆಳಿಗ್ಗೆ ಬಲಕ್ಕೆ ಸುತ್ತಿದೆವು.

ಸಂಜೆ ಮಾತ್ರ ನಾನು ಇವರನ್ನು ಕುರ್ಚಿ ಬಿಟ್ಟು ಏಳಗೊಡಲಿಲ್ಲ. ಬ್ಯಾಂಡ್ ಶುರುವಾದರೆ ನಮ್ಮ ಗುಂಪಿನವರೆಲ್ಲ ಕುಣಿಯಲು ಎದ್ದು ಹೋಗುತ್ತಿದ್ದರು. ಇವರು ಅನಾನಸ್ ಜ್ಯೂಸ್ ಹಿಡಿದುಕೊಂಡು ಮೇಜಿನ ಕೆಳಗೆ ಕಾಲಲ್ಲೇ ತಾಳ ಹಾಕುತ್ತಿದ್ದರು. ಆ ಕಾಲನ್ನು ನೋಡಿದರೆ ನನಗೆ ಸಂಕಟ. ಎದ್ದು ಕುಣಿದು ಅಲ್ಲೇ ಕುಸಿದರೆ ಎಂದು ಅದಕ್ಕಿಂತ ದೊಡ್ಡ ಭಯ.

ಪ್ರಯಾಣ ಮುಗಿಯುವುದಕ್ಕೆ ಮೊದಲು ಎಲ್ಲರೂ ಸಿಂಗರಿಸಿಕೊಂಡು ಬರುವ ಸಂಜೆ ಒಂದಿತ್ತು. ವಾಲ್ಟ್ಸ್ ಶುರುವಾಯಿತು. ಇವರು ಜ್ಯೂಸ್ ಕೆಳಗಿಟ್ಟು ನನ್ನ ಮುಂದೆ ಕೈ ಚಾಚಿದರು. ನಾನು ತಲೆಯಾಡಿಸಿದೆ.

"ಬದುಕಿ ಬಂದಿದೀನಿ ಕಣೇ," ಎಂದರು ಮೆಲ್ಲಗೆ. "ಹೀಗೆ ಕುರ್ಚಿ ಮೇಲೆ ಕೂರಿಸಿಡೋಕಾ ನೀನು ಹರಕೆ ಹೊತ್ಕೊಂಡಿದ್ದು?"

ಕೈಚೀಲವನ್ನು ಮೇಜಿನ ಮೇಲಿಟ್ಟೆ. ಎದ್ದೆ. ನನ್ನ ಬೆನ್ನಿಗೆ ಇವರ ಕೈ ಬಂದದ್ದು ಎಷ್ಟೋ ತಿಂಗಳ ಮೇಲೆ. ಇವರು ನನ್ನನ್ನು ನಡೆಸಿಕೊಂಡು ಹೊರಟರು, ನಾನು ಹಿಂದೆಮುಂದೆ ನೋಡದೆ ಹೋದೆ. ಇಬ್ಬರ ಕಾಲುಗಳೂ ಡೆಕ್ಕಿನ ಅಭ್ಯಾಸದಂತೆ ಬಲಕ್ಕೇ ಸುತ್ತಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಮೂಲೆ ತಿರುಗುತ್ತಲೇ ಮಂಗಳೂರಿನ ಡಾಕ್ಟರು ತಮ್ಮ ಭಾರೀ ಮೈಯನ್ನು ಹೊತ್ತು ಹೆಂಡತಿಯ ಜೊತೆ ರಭಸವಾಗಿ ಎದುರು ಬಂದರು. ಡಿಕ್ಕಿಯಾಯಿತು. ಇವರು ಅಂಗಾತ ಬಿದ್ದರು. ಕಣ್ಣು ಮುಚ್ಚಿತ್ತು.

ಬ್ಯಾಂಡ್ ನಿಂತಿತು. ರೇಷ್ಮೆ ಸೀರೆಯಲ್ಲೇ ನಾನು ಇವರ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಕೈಚೀಲ ಮೇಜಿನ ಮೇಲಿತ್ತು, ಮಾತ್ರೆ ಅದರಲ್ಲಿತ್ತು, ನಾನು ಇವರ ಕೈ ಬಿಟ್ಟು ಏಳಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡೆ. ಮಂಗಳೂರಿನವರು ಇನ್ನೊಂದು ಕೈಯ ನಾಡಿ ಹಿಡಿದರು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಓಡಿಬಂದು, ತಮಗೆ ಗೊತ್ತಿದ್ದ ಅಂಗ ಅದೇ ಆದ್ದರಿಂದ, ಕಣ್ಣಿನ ರೆಪ್ಪೆ ಎತ್ತಿ ನೋಡಿದರು.

ಎತ್ತಿದ ರೆಪ್ಪೆಯ ಕೆಳಗಿಂದ ಕಣ್ಣು ನನ್ನ ಕಡೆ ಹೊರಳಿತು.

"ಎದೆ ಅಲ್ಲ ಕಣ್ರೋ, ಸೊಂಟ," ಎಂದರು ಇವರು. ಆಮೇಲೆ ನಗು ಶುರುವಾಯಿತು. ಮಲಗಿದಲ್ಲೇ ಹೊಟ್ಟೆ ಕುಲುಕಿಸಿಕೊಂಡು ನಕ್ಕರು. "ಇಲ್ಲೂ ಪ್ರದಕ್ಷಿಣೆ ಹಾಕ್ಬಿಟ್ವಲ್ಲೇ."

"ನಾಡಿ ನನ್ನದಕ್ಕಿಂತ ಚೆನ್ನಾಗಿದೆ ಅಕ್ಕ," ಎಂದರು ಮಂಗಳೂರಿನವರು. ಅವರ ಮುಖವೇ ಬಿಳಿಚಿಕೊಂಡಿತ್ತು.

ನಾನು ನೆಲದ ಮೇಲೆ ಕೂತೇ ಅತ್ತೆ. ಅಷ್ಟು ಜನರ ಮುಂದೆ ಮೂಗು ಸೋರಿಸಿಕೊಂಡು, ಸೆರಗಿನಲ್ಲಿ ಒರೆಸಿಕೊಂಡು ಅತ್ತೆ. ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಕೂಡ ಇವರು ಉಳಿದರು ಎಂದು ನಾನು ನಂಬಿರಲಿಲ್ಲ. ಕುಣಿದು, ಗುದ್ದಿಸಿಕೊಂಡು, ಬಿದ್ದು, ನಗುವುದನ್ನು ನೋಡಿದ ಮೇಲೆ ನಂಬಿದೆ.

ಮಾರನೆಯ ಬೆಳಿಗ್ಗೆ ಸೊಂಟಕ್ಕೆ ಮುಲಾಮು ಹಚ್ಚಿಸಿಕೊಂಡು ಇವರು ಕುಂಟುತ್ತ ಡೆಕ್ಕಿಗೆ ಬಂದರು. ರೂಢಿಯಂತೆ ಬಲಕ್ಕೆ ತಿರುಗಿದರು. ನಾನು ತೋಳು ಹಿಡಿದು ನಿಲ್ಲಿಸಿದೆ.

"ಹರಕೆ ತೀರ್ತು ಬನ್ನಿ. ಇವತ್ತು ಬಾಣ ಇರೋ ಕಡೆ ಹೋಗೋಣ. ಸಂಜೆ ಕುಣಿಯೋವಾಗ ಮತ್ತೆ ಯಾರಿಗೂ ಡಿಕ್ಕಿ ಹೊಡೀಬಾರ್ದು."