ಅವ್ವನ ಹ್ಞೂಂ

ನಾನು ಕವಿತೆ ಓದುವುದನ್ನು ಅವ್ವ ಒಮ್ಮೆಯೂ ಕೇಳಿರಲಿಲ್ಲ. ಕೇಳಲೆಂದೇ ಆ ಶನಿವಾರ ಸಂಜೆ ಅವಳನ್ನು ಮುಲುಂಡ್‌ನಲ್ಲಿ ಲೋಕಲ್ ರೈಲು ಹತ್ತಿಸಿ ಪರೇಲ್‌ಗೆ ಕರೆತಂದೆ. ಹಳೇ ಮಿಲ್ಲಿನ ಆವರಣದ ಕೆಫೆಯೊಂದರಲ್ಲಿ ತಿಂಗಳಿಗೊಮ್ಮೆ ಕವಿತೆಯ ಸಂಜೆ ನಡೆಯುತ್ತದೆ. ಹೆಸರು ಬರೆಸಿದವರಿಗೆ ಒಂದು ಮೈಕು, ಐದು ನಿಮಿಷ; ಅದು ಮುಗಿದರೆ ಗಂಟೆ ಬಾರಿಸುತ್ತಾರೆ. ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ಈ ಊರಿನ ಎಷ್ಟೋ ಬಿಲ್ಡಿಂಗ್‌ಗಳಿಗೆ ತಲೆಯ ಮೇಲೆ ಸಿಮೆಂಟು ಹೊತ್ತವಳು, ಅಂಥ ಒಂದರೊಳಗೆ ಕುರ್ಚಿಯಲ್ಲಿ ಕೂರಲು ಹಿಂಜರಿದಳು.

"ಕುಂದರ ಬೇ," ಎಂದೆ. "ನಮಗ ಅಂತನ ಹಾಕ್ಯಾರ."

ಅಲ್ಲಿ ಕವಿತೆ ಹಿಡಿಸಿದರೆ ಚಪ್ಪಾಳೆಯಲ್ಲ, ಬೆರಳಲ್ಲಿ ಚಿಟಿಕೆ ಹೊಡೆಯುವ ಪದ್ಧತಿ. ಒಬ್ಬಳು ಇಂಗ್ಲಿಷಿನಲ್ಲಿ ತನ್ನ ಒಂಟಿತನವನ್ನು ಓದಿ ಮುಗಿಸಿದ್ದೇ ತಡ, ಸುತ್ತಲೂ ಚಿಟಿಕೆಯ ಸದ್ದು.

"ಯಾಕ, ನಾಯಿ ಒಳಗ ಬಂದೈತೇನು?" ಅವ್ವ ಕಾಲು ಮೇಲೆತ್ತಿಕೊಂಡಳು. ನಾನು ನಗು ತಡೆಯಲಾರದೆ ಬಾಯಿಗೆ ದುಪಟ್ಟಾ ತುರುಕಿಕೊಂಡೆ.

ನನ್ನ ಸರದಿ ಬಂತು. ಕಟ್ಟುತ್ತಿದ್ದ ಬಿಲ್ಡಿಂಗಿನ ಬಿದಿರಿಗೆ ಅವ್ವ ಹಳೇ ಸೀರೆ ಕಟ್ಟಿ ನನ್ನನ್ನು ತೂಗಿದ ಕವಿತೆ. ಮೊದಲ ಸಾಲು ಓದಿದೆ.

"ಹ್ಞೂಂ," ಎಂದಳು ಅವ್ವ, ಎಲ್ಲರಿಗೂ ಕೇಳುವಂತೆ.

ನಮ್ಮಲ್ಲಿ ಹಾಗೆಯೇ. ಒಬ್ಬರು ಕತೆ ಹೇಳಿದರೆ ಇನ್ನೊಬ್ಬರು ಮಾತುಮಾತಿಗೆ ಹ್ಞೂಂಗುಟ್ಟಬೇಕು. ಚಿಕ್ಕವಳಿದ್ದಾಗ ನಾನು ಹ್ಞೂಂ ಅನ್ನುವುದನ್ನು ಮರೆತರೆ ಅವ್ವ ಕತೆಯನ್ನು ಅಲ್ಲೇ ನಿಲ್ಲಿಸಿ ದೀಪ ಆರಿಸುತ್ತಿದ್ದಳು.

ಎರಡನೇ ಸಾಲಿಗೂ ಹ್ಞೂಂ, ಮೂರನೆಯದಕ್ಕೂ ಹ್ಞೂಂ. ಕಾರ್ಯಕ್ರಮ ನಡೆಸುವವನು ಅವಳತ್ತ ಬಗ್ಗಿ, "ಆಂಟೀಜಿ, ಪ್ಲೀಸ್, ಸೈಲೆನ್ಸ್," ಎಂದ. ಅವ್ವ ತಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡಳು. ಸೂಪರ್‌ವೈಸರ್ ಗದರಿದಾಗಲೆಲ್ಲ ಹೀಗೇ ಕುಗ್ಗುತ್ತಿದ್ದಳು. ನೋಡಿ ನೋಡಿ ನನಗೆ ಸಾಕಾಗಿತ್ತು. ಓದುವುದನ್ನು ನಿಲ್ಲಿಸಿದೆ.

"ಅವಳು ಗಲಾಟೆ ಮಾಡುತ್ತಿಲ್ಲ, ಕೇಳುತ್ತಿದ್ದಾಳೆ," ಎಂದು ಮೈಕಿನಲ್ಲೇ ಹಿಂದಿಯಲ್ಲಿ ಹೇಳಿದೆ. "ನಿಮ್ಮ ಚಿಟಿಕೆ ನಡೆಯುತ್ತದೆ, ಅವಳ ಹ್ಞೂಂ ನಡೆಯುವುದಿಲ್ಲವೇ?"

"ರೂಲ್ ತೋ ಸಬ್ ಕಾ ಸೇಮ್ ಹೈ ನಾ," ಎಂದ ಅವನು. ನಿಯಮ ಎಲ್ಲರಿಗೂ ಒಂದೇ ಅಂತೆ!

"ಹಾಗಾದರೆ ನಮ್ಮಿಬ್ಬರನ್ನೂ ಹೊರಗೆ ಹಾಕಿ."

ಹಿಂದಿ ಬಲ್ಲ ಅವ್ವನಿಗೆ ಎಲ್ಲವೂ ತಿಳಿದಿತ್ತು. "ಬ್ಯಾಡ ಬಿಡವ್ವ," ಎಂದಳು ಸೆರಗಿನೊಳಗಿಂದಲೇ. "ನಾ ಬಾಯಿ ಮುಚ್ಕೊಂಡ ಕುಂದರ್ತೀನಿ. ನೀ ಓದು."

ಅವನ ಮಾತಿಗಿಂತ ಇದು ಹೆಚ್ಚು ನೋಯಿಸಿತು.

"ಮುಚ್ಚಬ್ಯಾಡ," ಎಂದೆ. "ನೀ ಹ್ಞೂಂ ಅಂದ್ರನ ನಾ ಓದಾಕಿ."

ಮೊದಲಿನಿಂದ ಶುರು ಮಾಡಿದೆ. ಒಂದು ಸಾಲು ಓದಿ ನಿಂತೆ. ಅವ್ವನ ಸೆರಗು ಬಾಯಿಯ ಮೇಲೇ ಇತ್ತು. ಯಾರೋ ಕೆಮ್ಮಿದರು, ಯಾರೋ ಫೋನು ನೋಡಿಕೊಂಡರು. ನಾನು ಕದಲಲಿಲ್ಲ. ಬೇಕಾದರೆ ಬೆಳಗಿನ ತನಕ ನಿಲ್ಲುವವಳಿದ್ದೆ.

"ಹ್ಞೂಂ," ಎಂದಳು ಕೊನೆಗೆ, ಸಣ್ಣಗೆ.

ಎರಡನೇ ಸಾಲು. ಸೆರಗು ಇಳಿಯಿತು. ಬಿದಿರಿಗೆ ಸೀರೆ ಕಟ್ಟುವ ಸಾಲಿಗೆ ಬರುವಷ್ಟರಲ್ಲಿ ಅವಳ ಹ್ಞೂಂ ಹಿಂದಿನ ಕುರ್ಚಿಯವರೆಗೂ ಮುಟ್ಟುತ್ತಿತ್ತು. ಅಷ್ಟರಲ್ಲಿ ಗಂಟೆ ಬಾರಿಸಿದರು. ಜಗಳದಲ್ಲೇ ಅರ್ಧ ಸಮಯ ಹೋಗಿತ್ತು, ತೊಟ್ಟಿಲು ಇನ್ನೂ ತೂಗಿರಲಿಲ್ಲ. ನಾನು ಹಾಳೆ ಮಡಚಲು ಹೋದೆ.

ಕಟ್ಟಡದ ಕೆಲಸದಲ್ಲಿ ಸೀಟಿ ಊದಿದರೆ ಏಳುತ್ತ, ಸೀಟಿ ಊದಿದರೆ ಕೂರುತ್ತ ಬಂದಿದ್ದ ಅವ್ವ ಆ ಗಂಟೆಯತ್ತ ತಿರುಗಿಯೂ ನೋಡಲಿಲ್ಲ. ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಸರಿದು, ಗಟ್ಟಿಯಾಗಿ ಕೂತಳು.

"ಮುಂದ?" ಎಂದಳು.